ಅಂಗನವಾಡಿಗೆ ಇನ್ನೊಬ್ಬ ಟೀಚರ್ ಕೊಡಿ

ಮಾನ್ಯರೇ,

ಮೊಮ್ಮಗಳನ್ನು ಸೇರಿಸಲು ಒಂದು ಪ್ಲೇ ಹೋಮ್‌ಗೆ ಹೋಗಿದ್ದೆ. ಬಾಡಿಗೆ ಮನೆಯ ಮೊದಲ ಮಹಡಿ. ಗೋಡೆ ತುಂಬ ಆನೆ, ಜಿರಾಫೆ. ಅಷ್ಟರಲ್ಲಿ ಮಗು ಒಂದಕ್ಕೆ ಅಂದಳು. ಒಳಗೆ ಇದ್ದದ್ದು ದೊಡ್ಡವರ ಕಮೋಡ್ ಒಂದೇ. ಕಾಲು ನೆಲಕ್ಕೆ ಎಟುಕದೆ ಹೆದರಿ ನನ್ನ ಕತ್ತು ತಬ್ಬಿಕೊಂಡಳು. ಅನುಮತಿ ಪತ್ರ ಇದೆಯಾ ಎಂದು ಕೇಳಿದೆ. ‘ಫೀಸಿಗೆ ರಸೀದಿ ಕೊಡ್ತೀವಿ ಸರ್’ ಎಂದರು!

ಅವರನ್ನಷ್ಟೇ ಬೈದು ಏನು ಬಂತು? 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದೇ 6ರಿಂದ 14 ವರ್ಷದವರಿಗೆ. ಮಾನ್ಯತೆಯಿಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ಮೂರರಿಂದ ಆರು ವರ್ಷದ ಮಕ್ಕಳ ಮಾತು ಬಂದಾಗ ಮಾತ್ರ, ಸರ್ಕಾರ ಉಚಿತ ವ್ಯವಸ್ಥೆ ‘ಮಾಡಬಹುದು’ ಎಂದಷ್ಟೇ 11ನೇ ಸೆಕ್ಷನ್ ಹೇಳುತ್ತದೆ. ಮಾಡಲೇಬೇಕು ಎಂದಿಲ್ಲ.

ಕೊನೆಗೆ ಅಂಗನವಾಡಿಗೇ ಸೇರಿಸಿದೆವು. ಅಲ್ಲಿ ಮಗುವಿನ ಹೊಟ್ಟೆಗೆ ಮೋಸವಿಲ್ಲ. ಆದರೆ ಮೊನ್ನೆ ಬಾಗಿಲಲ್ಲಿ ನಿಂತು ನೋಡಿದೆ. ಟೀಚರ್ ಹಾಡು ಶುರು ಮಾಡಿದ್ದರು. ಎರಡು ಸಾಲು ಆಗಿತ್ತೋ ಇಲ್ಲವೋ, ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ಗೆ ಮಕ್ಕಳ ತೂಕ ತುಂಬಲು ಫೋನ್ ಹಿಡಿದು ಹೊರಗೆ ಬಂದರು. ಒಳಗೆ ನೆಟ್‌ವರ್ಕ್ ಇಲ್ಲವಂತೆ. ಮಕ್ಕಳು ಕೈ ಎತ್ತಿಕೊಂಡೇ ಕೂತಿದ್ದವು. ಸಹಾಯಕಿ ಅಡುಗೆ ಕೆಲಸದಲ್ಲಿದ್ದರು. ಈ ಟೀಚರಿಗೆ ಕೇಂದ್ರ 2018ರಲ್ಲಿ ನಿಗದಿ ಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ. ಮೇಲಿನದ್ದು ರಾಜ್ಯ ಸೇರಿಸಬೇಕು. ಪಾಠ, ತೂಕ, ಲಸಿಕೆ, ಸರ್ವೆ ಎಲ್ಲವೂ ಇವರ ತಲೆಗೇ.

2024ರಲ್ಲಿ ಏನಾಯಿತು, ನೆನಪಿದೆ ಅಲ್ವಾ? ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿಯವರು ಬೀದಿಗಿಳಿದರು. ಆಮೇಲೆ ಸರ್ಕಾರ ಅಂಗನವಾಡಿಯಲ್ಲೇ ಎಲ್‌ಕೆಜಿ ಎಂದಿತು. ಮಕ್ಕಳು ಶಿಕ್ಷಣ ಇಲಾಖೆಯವರೋ, ಮಹಿಳಾ ಮತ್ತು ಮಕ್ಕಳ ಇಲಾಖೆಯವರೋ ಎಂಬ ಜಗಳ ಅದು. ಹೆಸರು ಬದಲಾದರೂ ಹಾಡು ಪೂರ್ತಿ ಮಾಡಲು ಒಬ್ಬರು ಬೇಕಲ್ಲ! ಯಾವ ಇಲಾಖೆಯಾದರೂ ಆಗಲಿ, ನಮಗೇನು.

ಪಾಠಕ್ಕೆಂದೇ ತರಬೇತಿ ಪಡೆದ ಇನ್ನೊಬ್ಬ ಟೀಚರನ್ನು ಪ್ರತಿ ಅಂಗನವಾಡಿಗೂ ಕೊಡಬೇಕು. ಅವರ ಸಂಬಳಕ್ಕೆ ಬಜೆಟ್‌ನಲ್ಲಿ ಬೇರೆಯೇ ಹಣ ಇಡಬೇಕು. ಖಾಸಗಿಯವರಿಗೆ ಅನುಮತಿ ಕೊಡುವ ಮುಂಚೆ ಅಧಿಕಾರಿಗಳು ಸುಮ್ನೆ ಫೈಲ್ ನೋಡಿ ಸಹಿ ಹಾಕದೆ, ಮಹಡಿ ಹತ್ತಿ ಬಾತ್‌ರೂಮಿನ ಬಾಗಿಲು ತೆಗೆದು ನೋಡಲಿ.

– ಒಬ್ಬ ಅಜ್ಜ