ಮೆಕ್ಲೀನ್ ಅವೆನ್ಯೂ ಆಂಟಿಗೆ ಥ್ಯಾಂಕ್ಸ್

ನ್ಯೂಯಾರ್ಕಿನ ಬ್ರಾಂಕ್ಸ್ ಪಕ್ಕದ ಯಾಂಕರ್ಸ್‌ನಲ್ಲಿ ನಮಗೆ ಬಾಡಿಗೆ ಮನೆ ಹುಡುಕಿಕೊಟ್ಟ ಐರಿಷ್ ಆಂಟಿ, ಹೆಸರು ಹಾಕಬೇಡ ಅಂದಿದ್ದೀರಿ, ಹಾಕಲ್ಲ. ಥ್ಯಾಂಕ್ಸ್ ಅಂತೂ ಹೇಳಲೇಬೇಕು.

ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ ಯಾರೂ ಮನೆ ಕೊಡುತ್ತಿರಲಿಲ್ಲ. ನೀವು ಬೇಕರಿಯ ಕಂದು ಚೀಲದ ಮೇಲೇ ಓನರ್ ನಂಬರ್ ಗೀಚಿ, "ನಾನು ಕಳಿಸಿದೆ ಅಂತ ಹೇಳು" ಅಂದಿರಿ. ಚೀಲದೊಳಗಿನ ಸೋಡಾ ಬ್ರೆಡ್ಡನ್ನೂ ನಮಗೇ ಕೊಟ್ಟಿರಿ.

ನೀವು ಐರ್ಲೆಂಡಿನ ಮೇಯೊ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) 80ರ ದಶಕದಲ್ಲಿ ಪೇಪರ್ಸ್ ಇಲ್ಲದೆ ಬಂದವರು. ಅಮೆರಿಕದಲ್ಲಿ ಕಾಯಂ ಆಗಿ ಇರಲು ಬಿಡುವ, 1990ರ ಕಾನೂನಿನ ಮಾರಿಸನ್ ವೀಸಾ ಸಿಗುವವರೆಗೂ ಊರಿಗೆ ಹೋಗುವ ಹಾಗಿರಲಿಲ್ಲ. ಅಪ್ಪನ ಮಣ್ಣಿಗೂ ಹೋಗಲಾಗಲಿಲ್ಲ. ಕೆಲಸ, ರೂಮು, ಸ್ನೇಹಿತರು ಎಲ್ಲಾ ಸಿಕ್ಕಿದ್ದು ಬ್ರಾಂಕ್ಸಿನ ಐರಿಷ್ ಆಟಗಳ ಮೈದಾನ ಗೇಲಿಕ್ ಪಾರ್ಕಿನ ಭಾನುವಾರದ ಮ್ಯಾಚ್‌ಗಳಲ್ಲಿ ಅಂದಿರಿ. ಅಲ್ಲಿ ಹೆಸರಿಗಿಂತ ಮೊದಲು ಕೇಳುವುದು ಯಾವ ಕೌಂಟಿ ಅಂತ. ನಮ್ಮವರೂ ಹಾಗೇ ಅಲ್ವಾ? ಯಾವ ಊರು, ಯಾರ ಪೈಕಿ! ಯಾರಾದರೂ ಕಾಯಿಲೆ ಬಿದ್ದರೆ ಪಬ್‌ನಲ್ಲೇ ದುಡ್ಡು ಕೂಡಿಸುತ್ತಾರಂತೆ. "ಗಾಸಿಪ್ಪೂ ಅಷ್ಟೇ ಜೋರು" ಅಂತ ನಕ್ಕಿರಿ.

2023ರಲ್ಲಿ ಐರಿಷರ ಗೇಲಿಕ್ ಫುಟ್‌ಬಾಲ್‌ನಲ್ಲಿ ನ್ಯೂಯಾರ್ಕ್ ತಂಡ ಐರ್ಲೆಂಡಿನ ಲೀಟ್ರಿಮ್ ಕೌಂಟಿ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೊದಲ ಚಾಂಪಿಯನ್‌ಶಿಪ್ ಪಂದ್ಯ ಗೆದ್ದ ಕಥೆ ಇನ್ನೂ ಪೂರ್ತಿ ಕೇಳಿಲ್ಲ. ಈ ಭಾನುವಾರ ಮನೆಗೆ ಬನ್ನಿ. ಹಾಲು ಹಾಕಿದ ಸ್ಟ್ರಾಂಗ್ ಟೀ, ಜೊತೆಗೆ ಅಕ್ಕಿರೊಟ್ಟಿ. ಖಾರ ಕಮ್ಮಿ ಹಾಕುತ್ತೇನೆ.