ಜ್ವರ ಬಂದ ದಿನಾಂಕವಿಲ್ಲದ ‘ನೆಗೆಟಿವ್’

ಮಾನ್ಯ ಸಂಪಾದಕರೇ,

ಕಾಡಿನ ಉಣ್ಣೆಹುಳು ಕಚ್ಚಿ ಹರಡುವ ವೈರಾಣು ಜ್ವರವಾದ ಮಂಗನ ಕಾಯಿಲೆಯ ಕಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ‘ರಿಪೋರ್ಟ್ ನೆಗೆಟಿವ್ ಬಂತು’ ಎಂದರೆ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಜ್ವರ ಶುರುವಾಗಿ ಎಷ್ಟನೆಯ ದಿನ ರಕ್ತ ತೆಗೆದರು, ಯಾವ ಪರೀಕ್ಷೆ ಮಾಡಿದರು ಎಂದು ಯಾರೂ ಕೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ, ನಮ್ಮ ತೋಟದ ಕೆಲಸಕ್ಕೆ ಬರುವ ಮಹಿಳೆಯೊಬ್ಬರು ಕಾಡಿನಂಚಿನಲ್ಲಿ ದರಗು (ಒಣಗಿದ ಎಲೆ) ಗುಡಿಸಿ ಬಂದ ಐದಾರು ದಿನಗಳಲ್ಲಿ ವಿಪರೀತ ಜ್ವರ, ಮೈಕೈ ನೋವಿನಿಂದ ಮಲಗಿದರು. ಹದಿಮೂರನೆಯ ದಿನ ತೆಗೆದ ರಕ್ತಕ್ಕೆ, ವೈರಾಣುವಿನ ತುಣುಕನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಒಂದನ್ನೇ ಮಾಡಿ, ನೆಗೆಟಿವ್ ಎಂದು ಮನೆಗೆ ಕಳುಹಿಸಿದರು. ಮೂರನೆಯ ವಾರ ಜ್ವರ, ತಲೆನೋವು ಮರುಕಳಿಸಿದ ಮೇಲೆ, ವೈರಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಐಜಿಎಂ ಎಲಿಸಾ ಪರೀಕ್ಷೆಯಲ್ಲಿ ಕಾಯಿಲೆ ಖಚಿತವಾಯಿತು. ಮೊದಲ ಮಾದರಿಯೊಂದಿಗೆ ಹೋಗಿದ್ದ ನಮೂನೆಯ ಪ್ರತಿಯನ್ನು ನಾನು ನೋಡಿದೆ. ‘ಜ್ವರ ಆರಂಭವಾದ ದಿನಾಂಕ’ ಎಂಬಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು.

ಇಲ್ಲಿ ಯಂತ್ರ ತಪ್ಪು ಹೇಳಿರಲಿಲ್ಲ. ಈ ವೈರಾಣುವಿನ ವಂಶವಾಹಿ ಆರ್‌ಎನ್‌ಎ ರೂಪದ್ದು. 1970ರಲ್ಲಿ ವಿಜ್ಞಾನಿಗಳಾದ ಟೆಮಿನ್ ಮತ್ತು ಬಾಲ್ಟಿಮೋರ್ ಪ್ರತ್ಯೇಕವಾಗಿ ಕಂಡುಹಿಡಿದ ಕಿಣ್ವದಿಂದ ಅದನ್ನು ಮೊದಲು ಡಿಎನ್‌ಎಗೆ ಪರಿವರ್ತಿಸಿ, ಬಳಿಕ ಬಿಸಿ ಮಾಡಿ ತಣಿಸುವ ಪ್ರತಿ ಸುತ್ತಿಗೂ ಇಮ್ಮಡಿಯಾಗಿಸುತ್ತಾರೆ; ಪ್ರತಿ ಸುತ್ತೂ ಸರಿಯಾಗಿ ನಡೆದರೆ, 30 ಸುತ್ತಿಗೆ ಒಂದು ತುಣುಕು 100 ಕೋಟಿ ಮೀರುತ್ತದೆ. ಆದರೆ ಕೊಳವೆಯಲ್ಲಿ ಆ ತುಣುಕೇ ಇಲ್ಲದಿದ್ದರೆ ಇಮ್ಮಡಿಯಾಗುವುದೇನು? ಮೊದಲ ವಾರದಲ್ಲಿ ರಕ್ತದಲ್ಲಿ ಧಾರಾಳವಾಗಿರುವ ವೈರಾಣು ಆಮೇಲೆ ಕ್ಷೀಣಿಸುತ್ತದೆ, ಪ್ರತಿಕಾಯಗಳು ಏರುತ್ತವೆ. ಅದಲ್ಲದೆ ಆರ್‌ಎನ್‌ಎ ಬಹಳ ಸೂಕ್ಷ್ಮ. ಐಸ್ ಪ್ಯಾಕ್ ಕರಗಿಹೋದ ಪೆಟ್ಟಿಗೆಯಲ್ಲಿ ಬೇಸಿಗೆಯ ಬಿಸಿಲಲ್ಲಿ ಗಂಟೆಗಟ್ಟಲೆ ಸಾಗಿದ ಮಾದರಿಯಲ್ಲಿ, ಇದ್ದದ್ದೂ ಪ್ರಯೋಗಾಲಯ ತಲುಪುವಷ್ಟರಲ್ಲಿ ಛಿದ್ರವಾಗಬಹುದು.

ಆದ್ದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ವಿನಂತಿ: ಜ್ವರದ ದಿನಾಂಕವಿಲ್ಲದ ಮಾದರಿಯನ್ನು ಹಾಗೆಯೇ ಮುಂದಕ್ಕೆ ಕಳುಹಿಸದೆ, ಮನೆಯವರಿಗೆ ಫೋನ್ ಮಾಡಿಯಾದರೂ ಅದನ್ನು ತುಂಬಿಸಬೇಕು. ಮೊದಲ ವಾರ ದಾಟಿದ್ದರೆ ಪಿಸಿಆರ್ ಜೊತೆಗೆ ಐಜಿಎಂ ಪರೀಕ್ಷೆಯೂ ಆಗಲೇಬೇಕು. ಮಾದರಿ ಎಷ್ಟನೆಯ ದಿನದ್ದು ಎಂಬುದನ್ನು ವರದಿಯಲ್ಲೇ ಮುದ್ರಿಸಬೇಕು. ಕ್ಷಯ ಪರೀಕ್ಷೆಗೆ ಬಳಸುವ ಟ್ರೂನ್ಯಾಟ್ ಎಂಬ ಪುಟ್ಟ ಪಿಸಿಆರ್ ಯಂತ್ರದಲ್ಲೇ ಮಂಗನ ಕಾಯಿಲೆಯನ್ನೂ ಪತ್ತೆಹಚ್ಚುವ ವಿಧಾನವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಈಗಾಗಲೇ ರೂಪಿಸಿದ್ದಾರೆ. ಕಾಯಿಲೆಯ ಕಾಲ ಶುರುವಾಗುವ ಡಿಸೆಂಬರ್‌ಗೆ ಮೊದಲೇ ನಮ್ಮ ಮೂರೂ ತಾಲ್ಲೂಕು ಆಸ್ಪತ್ರೆಗಳಿಗೆ ಆ ಪರೀಕ್ಷೆಗೆ ಬೇಕಾದ ಚಿಪ್‌ಗಳನ್ನು ಒದಗಿಸಿದರೆ, ರಕ್ತ ಘಟ್ಟದ ರಸ್ತೆಯಲ್ಲಿ ಬಿಸಿಯಾಗುವುದಾದರೂ ತಪ್ಪುತ್ತದೆ.

ಇತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ,
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ