ಅಮ್ಮನಿಗೆ ಅನಿತ್ಯದ ಪಾಠ ಬೇಡ

ಬೋರಿವಲಿ, ಮುಂಬೈ

ಚಿ. ಶ್ರೀನಿಧಿಗೆ,

ಮಾವನ ಆಶೀರ್ವಾದಗಳು.

ನೀನು ಇಗತ್ಪುರಿಯ ವಿಪಶ್ಯನ ಧ್ಯಾನ ಕೇಂದ್ರಕ್ಕೆ ಹೋಗಿ ಹತ್ತು ದಿನ ಮೌನವಾಗಿ ಕೂತು ಬಂದೆ. ಈಗಲೂ ಪುಣೆಯ ರೂಮಿನಲ್ಲಿ ಬೆಳಿಗ್ಗೆ ಸಂಜೆ ಬಿಡದೆ ಕೂರುತ್ತೀಯಂತೆ. ಕೇಳಿ ನಿಜಕ್ಕೂ ಸಂತೋಷವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದು ಸ್ವಲ್ಪ ಖಾರವಾಗಿದೆ. ಬುದ್ಧನ ದಾರಿಯನ್ನು ನಾನು ದೂರುತ್ತಿಲ್ಲ. ಅಕ್ಕನ ಹತ್ತಿರ ನೀನು ಅದನ್ನು ಬಳಸಿದ ರೀತಿ ನನಗೆ ಸರಿಬರಲಿಲ್ಲ.

ಭಾವ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವರ ಕನ್ನಡಕ, ವಾಚು, ಇಸ್ತ್ರಿ ಮಾಡಿದ ಅಂಗಿಗಳನ್ನು ಅಕ್ಕ ಕಪಾಟಿನಲ್ಲಿ ಹಾಗೇ ಇಟ್ಟುಕೊಂಡಿದ್ದಾಳೆ. ನೀನು ಫೋನಿನಲ್ಲಿ, "ಅಮ್ಮಾ, ಎಲ್ಲ ಅನಿತ್ಯ. ಹಿಡಿದುಕೊಂಡರೆ ದುಃಖವೇ. ಅದನ್ನೆಲ್ಲ ಯಾರಿಗಾದರೂ ಕೊಟ್ಟುಬಿಡು" ಅಂದೆಯಂತೆ. ಅವಳು ಅತ್ತಾಗ "ಕೊನೆಗೆ ಎಲ್ಲ ಶೂನ್ಯವೇ ಅಲ್ವಾ" ಅಂದೆಯಂತೆ. ಅಕ್ಕ ಇದನ್ನು ದೂರಿನ ಹಾಗೆ ಹೇಳಲಿಲ್ಲ. "ಅವನು ತುಂಬಾ ಓದಿದ್ದಾನೆ, ನನಗೇ ತಿಳಿಯಲ್ಲ" ಅಂದಳು. ನನಗೆ ಅದೇ ಜಾಸ್ತಿ ನೋವಾಯಿತು.

ನೀನು ಹೇಳಿದ ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವುದಕ್ಕೆ ಎಲ್ಲರಿಗಿಂತ ಜಾಸ್ತಿ ಹಕ್ಕಿದ್ದವನು ಬುದ್ಧ. ಅವನು ಅದನ್ನು ಎಲ್ಲಿ ಹೇಳಲಿಲ್ಲ ಅನ್ನುವುದನ್ನು ನೋಡು. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳುತ್ತಾ ಬಂದ ಕಿಸಾಗೋತಮಿಗೆ ಅವನು ಉಪದೇಶ ಮಾಡಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ. ಮನೆಮನೆಯ ಬಾಗಿಲಲ್ಲಿ ಅವರವರ ಸಾವಿನ ಸುದ್ದಿ ಕೇಳಿದ ಮೇಲೆ, ಮಗುವನ್ನು ಅವಳೇ ಕೆಳಗಿಳಿಸಿದಳು.

ಈ ಕತೆ ಎಲ್ಲರಿಗೂ ಗೊತ್ತು. ನಾನು ಮತ್ತೆ ಮತ್ತೆ ಯೋಚಿಸುವುದು ವಚ್ಛಗೋತ್ತನ ವಿಷಯ. ಅವನೊಬ್ಬ ಪರಿವ್ರಾಜಕ, ಅಂದರೆ ಊರೂರು ಅಲೆಯುವ ಸನ್ಯಾಸಿ, ಪ್ರಶ್ನೆಗಳ ಮನುಷ್ಯ. ಒಮ್ಮೆ ಬಂದು "ಆತ್ಮ ಇದೆಯೇ?" ಎಂದು ಕೇಳಿದ. ಬುದ್ಧ ಮಾತಾಡಲಿಲ್ಲ. "ಹಾಗಾದರೆ ಇಲ್ಲವೇ?" ಎಂದ. ಆಗಲೂ ಮೌನ. ಅವನು ಎದ್ದು ಹೋದ. ಪಕ್ಕದಲ್ಲಿದ್ದ ಶಿಷ್ಯ ಆನಂದನಿಗೆ ಆಶ್ಚರ್ಯ. ಊರೂರು ತಿರುಗಿ ಅನಾತ್ಮವನ್ನು, ಅಂದರೆ ಸ್ಥಿರವಾದ ಆತ್ಮ ಅಂತ ಯಾವುದೂ ಇಲ್ಲ ಅನ್ನುವುದನ್ನು, ಬೋಧಿಸುವ ಗುರು, ನೇರವಾಗಿ ಕೇಳಿದಾಗ ಸುಮ್ಮನಿದ್ದನಲ್ಲ! ಬುದ್ಧ ಕೊಟ್ಟ ಕಾರಣಗಳಲ್ಲಿ ಒಂದು ಹೀಗಿದೆ: "ಇಲ್ಲ ಅಂದಿದ್ದರೆ, ಮೊದಲೇ ಗೊಂದಲದಲ್ಲಿರುವ ಅವನು ಇನ್ನಷ್ಟು ಗೊಂದಲಕ್ಕೆ ಬೀಳುತ್ತಿದ್ದ. ಮೊದಲು ನನಗೊಂದು ಆತ್ಮ ಇತ್ತು, ಈಗ ಅದೂ ಹೋಯಿತು ಅಂದುಕೊಳ್ಳುತ್ತಿದ್ದ."

ನೋಡಿದೆಯಾ? ತನ್ನ ಬೋಧನೆಯ ತಿರುಳನ್ನೇ ಆ ಹೊತ್ತಿಗೆ ಅವನು ಹೇಳದೆ ಉಳಿಸಿಕೊಂಡ. ಕೇಳುವವನ ಕಿವಿಯಲ್ಲಿ ಅದು ಬೇರೆಯೇ ಆಗಿಬಿಡುತ್ತದೆ ಅಂತ ಅವನಿಗೆ ಗೊತ್ತಿತ್ತು. ಮಾತಿಗೊಂದು ಮಿತಿ ಇದೆ ಅಂದರೆ ನನ್ನ ಮಟ್ಟಿಗೆ ಇದೇ. ಸತ್ಯ ಎಲ್ಲೋ ಮಾತಿನಾಚೆ ಕೂತಿದೆ ಅಂತ ಮಾತ್ರ ಅಲ್ಲ. ಅದೇ ವಾಕ್ಯ ನಿನ್ನ ಬಾಯಲ್ಲಿ ಒಂದಾಗಿರುತ್ತದೆ, ಅಕ್ಕನ ಕಿವಿಯಲ್ಲಿ ಇನ್ನೊಂದಾಗುತ್ತದೆ. ನೀನು "ಎಲ್ಲ ಶೂನ್ಯ" ಅಂದೆ. ಅವಳಿಗೆ ಕೇಳಿಸಿದ್ದು "ನಿನ್ನ ಮೂವತ್ತು ವರ್ಷದ ಸಂಸಾರ ಏನೂ ಅಲ್ಲ" ಅಂತ.

ಶೂನ್ಯದ ಬಗ್ಗೆ ಅಷ್ಟು ಬರೆದ ಬೌದ್ಧ ದಾರ್ಶನಿಕ ನಾಗಾರ್ಜುನನೇ ಇದಕ್ಕೆ ಹೆದರಿದ್ದ. ಶೂನ್ಯವನ್ನು ತಪ್ಪಾಗಿ ತಿಳಿದರೆ, ಹಾವನ್ನು ತಪ್ಪಾಗಿ ಹಿಡಿದ ಹಾಗೆ ಅದು ಮನುಷ್ಯನನ್ನೇ ಕೆಡಿಸುತ್ತದೆ ಅಂದ. ಆ ಹಾವಿನ ಮಾತು ಅವನಿಗಿಂತ ಹಳೆಯದು. ಬಾಲ ಹಿಡಿದರೆ ತಿರುಗಿ ಕಚ್ಚುತ್ತದೆ ಅಂತ ಬುದ್ಧ ತನ್ನ ಬೋಧನೆಯ ಬಗ್ಗೆಯೇ ಹೇಳಿದ್ದ, ಅದನ್ನು ವಾದ ಗೆಲ್ಲಲು ಕಲಿಯುವವರನ್ನು ಕುರಿತು. ಶೂನ್ಯವನ್ನೇ ಒಂದು ಮತ ಮಾಡಿಕೊಂಡವರಿಗೆ ಮದ್ದಿಲ್ಲ ಎನ್ನುವವರೆಗೆ ನಾಗಾರ್ಜುನ ಹೋಗುತ್ತಾನೆ. ಅಕ್ಕ ಭಾವನ ವಾಚನ್ನು ಹಿಡಿದುಕೊಂಡಿದ್ದಾಳೆ, ಸರಿ. ನೀನು "ಅನಿತ್ಯ"ವನ್ನು ಹಿಡಿದುಕೊಂಡಿದ್ದೀಯ. ನಿನ್ನ ಹಿಡಿತವೇ ಬಿಗಿ ಅಂತ ನನಗೆ ಕಾಣುತ್ತದೆ. ಅವಳು ವಾಚು ತೋರಿಸಿ ಯಾರನ್ನೂ ಸುಮ್ಮನಾಗಿಸಿಲ್ಲ.

ಇನ್ನೊಂದನ್ನು ಕೇಳಬೇಕು, ಸಿಟ್ಟಾಗಬೇಡ. ಅಪ್ಪನಿಗೋಸ್ಕರ ನೀನು ಅತ್ತೆಯಾ? ಬುದ್ಧಘೋಷ ಎಂಬ ಆಚಾರ್ಯ 5ನೆಯ ಶತಮಾನದಲ್ಲೇ ಎಚ್ಚರಿಸಿದ್ದಾನೆ. ಸಮಚಿತ್ತಕ್ಕೆ ಒಬ್ಬ ಹತ್ತಿರದ ಶತ್ರು ಇದ್ದಾನೆ, ನೋಡಲು ಅದರ ಹಾಗೆಯೇ ಇರುತ್ತಾನೆ. ಅವನೇ ತಿಳಿವಿಲ್ಲದ ಉದಾಸೀನ. ಒಳಗಿನ ನೋವನ್ನು ನೋಡಲಾಗದೆ ಮುಚ್ಚಿದ ಬಾಗಿಲೂ ಹೊರಗಿನವರಿಗೆ ಶಾಂತಿಯಂತೆ ಕಾಣಬಹುದು. ನಿನ್ನದು ಯಾವುದು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕಣ್ಣು ಮುಚ್ಚಿ ಕೂತಾಗ ನೀನೇ ನೋಡಿಕೊಳ್ಳಬೇಕು.

ಆನಂದನನ್ನು ನೆನೆ. 25 ವರ್ಷ ಬುದ್ಧನ ಪಕ್ಕದಲ್ಲಿದ್ದವನು. ಉಪದೇಶಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು. ಕುಶಿನಗರದಲ್ಲಿ ಗುರು ಸಾವಿನ ಹಾಸಿಗೆಯಲ್ಲಿ ಮಲಗಿದಾಗ ಅವನು ಬಾಗಿಲಿಗೆ ಒರಗಿ ನಿಂತು ಅತ್ತ. ಅಷ್ಟೂ ಮಾತು ಬಾಯಿಪಾಠ ಇದ್ದವನು! ಬುದ್ಧ ಅವನನ್ನು ಕರೆಸಿದ. ಪ್ರಿಯವಾದದ್ದೆಲ್ಲ ಅಗಲುತ್ತದೆ ಅಂತ ಮೊದಲೇ ಹೇಳಿರಲಿಲ್ಲವೇ ಎಂದ, ನಿಜ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಇಷ್ಟು ಕಾಲ ನೀನು ಪ್ರೀತಿಯಿಂದ ನನ್ನ ಸೇವೆ ಮಾಡಿದೆ ಎಂದ. ಭಿಕ್ಷುಗಳ ಕಡೆ ತಿರುಗಿ, ಎಲ್ಲರೆದುರು ಅವನ ಗುಣಗಳನ್ನು ಹೊಗಳಿದ. ಅಕ್ಕನಿಗೆ ಈ ಎರಡನೆಯ ಭಾಗ ಯಾರಿಂದಲೂ ಸಿಕ್ಕಿಲ್ಲ. ಭಾವನ ಕೊನೆಯ ಕಾಯಿಲೆಯಲ್ಲಿ ಅವಳು ಮಾಡಿದ್ದನ್ನು ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ ಅಲ್ವಾ?

ಇನ್ನು ಬುದ್ಧನದೇ ಮಾತು. ಅವನ ಮುಖ್ಯ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನ ಇಬ್ಬರೂ ತೀರಿಕೊಂಡ ಮೇಲೆ ಅವನು ಭಿಕ್ಷುಗಳ ಸಭೆಯನ್ನು ನೋಡಿ, ಇವರಿಬ್ಬರಿಲ್ಲದೆ ಈ ಸಭೆ ನನಗೆ ಬರಿದಾಗಿ ಕಾಣುತ್ತದೆ ಅಂದ. ಅವನಿಗೆ ಶೋಕವಿರಲಿಲ್ಲ. ಆದರೂ ಇಬ್ಬರು ಇಲ್ಲದ ಜಾಗವನ್ನು ಅವನು ಕಂಡ, ಕಂಡದ್ದನ್ನು ಹೇಳಿದ. ಅಂಟಿಕೊಳ್ಳದವನ ಪ್ರೀತಿ ಹೇಗಿರುತ್ತದೆ ಅಂತ ನನಗೆ ಸ್ವಲ್ಪವಾದರೂ ತಿಳಿದದ್ದು ಈ ಮಾತಿನಿಂದ.

ನಮ್ಮ ಮನೆಗೆ ಹತ್ತಿರವೇ ಇರುವ ಕನ್ಹೇರಿಗೆ ಒಮ್ಮೆ ನನ್ನ ಜೊತೆ ಬಾ. ನೂರಕ್ಕೂ ಜಾಸ್ತಿ ಗುಹೆಗಳು. ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗುಲಿ, ಮಳೆನೀರಿನ ತೊಟ್ಟಿ ಎಲ್ಲ ಇವೆ. ನಮ್ಮ ಅಮೋಘವರ್ಷ ನೃಪತುಂಗನ ಹೆಸರೂ 9ನೆಯ ಶತಮಾನದ ಶಾಸನಗಳಲ್ಲಿದೆ. ನಾನು ತೋರಿಸಬೇಕೆಂದಿರುವುದು ಅದಕ್ಕಿಂತ ಹಳೆಯ ಬ್ರಾಹ್ಮಿ ಶಾಸನಗಳನ್ನು. ಗುಹೆ ಕೊರೆಸಿದವರಲ್ಲಿ ವ್ಯಾಪಾರಿಗಳಿದ್ದಾರೆ, ಸಂಸಾರಿಗಳಿದ್ದಾರೆ, ಭಿಕ್ಷುಣಿಯರೂ ಇದ್ದಾರೆ. ಅಂಥ ಒಬ್ಬಳು ಗುಹೆಯನ್ನೂ ತೊಟ್ಟಿಯನ್ನೂ ದಾನ ಕೊಡುವಾಗ ತಾನು ಇಂಥವರ ಮಗಳು ಅಂತ ಬರೆಸಿದ್ದಾಳೆ, ಸೋದರಿಯ ಹೆಸರನ್ನೂ ಸೇರಿಸಿದ್ದಾಳೆ. ಮನೆ ಬಿಟ್ಟು ಬಂದವಳು ಅಪ್ಪನ ಹೆಸರನ್ನು ಒರೆಸಿ ಹಾಕಲಿಲ್ಲ.

ಹಾಗಾದರೆ ಅಕ್ಕನ ಜೊತೆ ಏನು ಮಾತಾಡಲಿ ಅಂತ ಕೇಳುತ್ತೀಯ. ಸಾಮಾನ್ಯ ಮಾತೇ ಸಾಕು. ದಿನದ ವ್ಯವಹಾರದ ಮಾತನ್ನು ಬಿಟ್ಟು ಪರಮಾರ್ಥವನ್ನು ತೋರಿಸಲಾಗದು ಅಂತ ಅದೇ ನಾಗಾರ್ಜುನ ಒಪ್ಪಿದ್ದಾನೆ. ಅವಳು "ಊಟ ಆಯ್ತಾ" ಅಂದರೆ ಏನು ತಿಂದೆ ಅಂತ ಸರಿಯಾಗಿ ಹೇಳು. ಆ ವಾಚನ್ನು ಭಾವ ಎಲ್ಲಿ ಕೊಂಡರು ಅಂತ ಕೇಳು. ಅವಳು ಹೇಳುತ್ತಾ ಅತ್ತರೆ ಅಳಲಿ, ನಿಲ್ಲಿಸಬೇಡ. ಅಂಗಿಗಳನ್ನು ಯಾವಾಗ ಕೊಡಬೇಕು ಅನ್ನುವುದು ಅವಳಿಗೆ ಬಿಟ್ಟದ್ದು. ಕೊಡದೇ ಇದ್ದರೂ ನಷ್ಟವಿಲ್ಲ.

ಧ್ಯಾನ ಬಿಡಬೇಡ. ಡೊಂಬಿವಲಿಗೆ ಬಂದಾಗಲೂ ಬೆಳಿಗ್ಗೆ ಬೇಗ ಎದ್ದು ಕೂರು, ಅಕ್ಕ ಅಡ್ಡಿ ಮಾಡುವವಳಲ್ಲ. ಈ ಶನಿವಾರವೇ ಬಾ. ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿದರಾಯಿತು. ಬರುವಾಗ ಆಧಾರ್ ಕಾರ್ಡ್ ತಾ. ಭಾವನ ಪಾಸ್‌ಬುಕ್ಕಿನ ಕೆಲಸ ಇನ್ನೂ ಹಾಗೇ ಉಳಿದಿದೆ, ಬ್ಯಾಂಕಿಗೆ ಅವಳೊಬ್ಬಳೇ ಅಲೆಯುತ್ತಿದ್ದಾಳೆ.

ಇಂತಿ ನಿನ್ನ,
ಮಾವ